ಗರುಗದ ಸೊಪ್ಪು ಯಾವುದು? ಬಿಳಿ ಹೂವಿನವು ಎರಡು, ಹಳದಿಯದು ಒಂದು, ಗೊಂದಲ

ಜಯನಗರ_ತಾರಸಿ:
ತಲೆಗೆ ಹಚ್ಚೋ ಎಣ್ಣೆ ಕಾಯಿಸಲು ಗರುಗದ ಸೊಪ್ಪು ಬೇಕು, ಅದೇ ಭೃಂಗರಾಜ. ಪಕ್ಕದ ಖಾಲಿ ಸೈಟಿನಲ್ಲಿ ಬಿಳಿ ಎಸಳು, ಹಳದಿ ನಡುವಿನ ಹೂವಿನ ಗಿಡ ಹೇರಳವಾಗಿದೆ. ಮೋರಿ ಬದಿಯಲ್ಲಿ ಪೂರ್ತಿ ಬಿಳಿಯ, ಅಂಗಿ ಗುಂಡಿಗಿಂತ ಚಿಕ್ಕ ಹೂವಿನದು. ಪಾರ್ಕಿನ ಅಂಚಿಗೆ ಹಬ್ಬಿರೋ ಹಳದಿ ಹೂವಿನದನ್ನೂ ‘ಹಳದಿ ಭೃಂಗರಾಜ’ ಅಂತಾರೆ ಮಾಲಿ. ಯಾವುದನ್ನು ಕೀಳಲಿ? ಹೂವಿಲ್ಲದಾಗ ಗುರುತು ಹಿಡಿಯೋದು ಹೇಗೆ?

ಕೆರೆದಂಡೆ:
ಖಾಲಿ ಸೈಟಿನದು ಟ್ರೈಡಾಕ್ಸ್, ಗರುಗ ಅಲ್ಲ. ಮೊದಲು ಹೂವಿನ ತೊಟ್ಟು ನೋಡಿ. ಟ್ರೈಡಾಕ್ಸ್‌ನಲ್ಲಿ ಎಲೆಯಿಲ್ಲದ ಬರಿಯ ತೊಟ್ಟು ಗೇಣುದ್ದ ಮೇಲೆದ್ದು, ತುದಿಯಲ್ಲಿ ಒಂದೇ ಹೂ. ಗರುಗದ್ದು ಸಾಮಾನ್ಯವಾಗಿ 1ರಿಂದ 4 ಸೆಂ.ಮೀ., ಎಲೆ ಕಂಕುಳಲ್ಲೇ ಇರುತ್ತದೆ. ಟ್ರೈಡಾಕ್ಸ್‌ಗೆ ಅಂಚಿನ ಎಸಳು ಸಾಮಾನ್ಯವಾಗಿ ಐದೇ, ಅಗಲ, ತುದಿಯಲ್ಲಿ ಮೂರು ಸೀಳು. ಗರುಗದ ಎಸಳು ದಾರದೆಳೆಯಂತೆ ಸಣ್ಣವು, ಲೆಕ್ಕಕ್ಕೆ ಸಿಗದಷ್ಟು. ನಡುವಿನ ಹೂಗಳೂ ಬಿಳಿ, ಅವುಗಳೊಳಗೆ ಕಪ್ಪು ಚುಕ್ಕಿಯಂತೆ ಪರಾಗಕೋಶ. 10 ಎಕ್ಸ್ ಲೆನ್ಸ್ ಹಿಡಿದರೆ ಚೆನ್ನಾಗಿ ಕಾಣುತ್ತದೆ.

ಹೂವಿಲ್ಲದಿದ್ದರೆ ಎಲೆ, ಎಳೆ ಕಾಂಡವನ್ನು ಅಂಗೈಯಲ್ಲಿ ಚೆನ್ನಾಗಿ ಉಜ್ಜಿ ಕೆಲವು ನಿಮಿಷ ಬಿಡಿ. ಗರುಗದ ರಸ ಗಾಳಿ ತಾಗಿ ಕಪ್ಪಾಗುತ್ತದೆ, ಬೆರಳಿಗೂ ಕಲೆ ಹಿಡಿಯುತ್ತದೆ. ‘ಕಾಡಿಗೆ ಗರುಗ’ ಅನ್ನೋದೇ ಅದಕ್ಕೆ. ಒಣಗಿದ ಎಲೆಯ ಮೇಲೆ ಈ ಪರೀಕ್ಷೆ ಮಾಡಬೇಡಿ, ಹಸಿಯದೇ ಬೇಕು.

ಹಿತ್ತಲ_ಸೊಪ್ಪು:
ಮೋರಿ ಬದಿಯಲ್ಲಿ ಟ್ರೈಡಾಕ್ಸ್‌ಗಿಂತ ಹೆಚ್ಚು ಮೋಸ ಮಾಡೋದು ಹೊನಗೊನ್ನೆ. ಅದು ಗರುಗ, ಟ್ರೈಡಾಕ್ಸ್‌ಗಳ ಸೂರ್ಯಕಾಂತಿ ಕುಟುಂಬದ್ದೇ ಅಲ್ಲ, ಹರಿವೆ ಬಳಗದ್ದು. ಆದರೆ ಅದೇ ತೇವದ ಜಾಗ, ಅದೇ ಎದುರುಬದುರಿನ ಉದ್ದ ಎಲೆ. ಎಲೆಯ ಮೇಲೆ ಬೆರಳಾಡಿಸಿ: ಗರುಗ ಸಣ್ಣ ರೋಮಗಳಿಂದ ಒರಟು, ಹೊನಗೊನ್ನೆ ನುಣುಪು. ಹೊನಗೊನ್ನೆಯ ಹೂ ಗಿಣ್ಣಿಗೇ ಅಂಟಿಕೊಂಡ ಕಾಗದದಂಥ ಬಿಳಿ ಉಂಡೆ, ತೊಟ್ಟಿಲ್ಲ. ರಸ ಕಪ್ಪಾಗಲ್ಲ.

ಬೀಜವೂ ಗಟ್ಟಿ ಗುರುತು. ಗರುಗದ ಎಸಳು ಉದುರಿದ ಮೇಲೆ ಹಸಿರು ಗುಂಡಿಯಂಥದು ಉಳಿಯುತ್ತದೆ, ಅದರಲ್ಲಿ ಗರಿಯಿಲ್ಲದ, ಉಬ್ಬುತಗ್ಗಿನ, ಸುಮಾರು 2 ಮಿ.ಮೀ. ಬೀಜ. ಟ್ರೈಡಾಕ್ಸ್ ಬೀಜಕ್ಕೆ ಗರಿಗಳ ಕುಚ್ಚು, ಊದಿದರೆ ಹಾರುತ್ತದೆ.

ಎಲೆಗಳ_ಲೆಕ್ಕ:
ಹಳದಿಯದರ ಬಗ್ಗೆ ಮಾಲಿ ಹೇಳಿದ್ದು ಅರ್ಧ ಸರಿ. ಹಳದಿ ಭೃಂಗರಾಜ ಅನ್ನೋ ಗಿಡ ಇದೆ: ಸ್ಫ್ಯಾಗ್ನೆಟಿಕೋಲ ಕ್ಯಾಲೆಂಡುಲೇಸಿಯ, ತಮಿಳರ ಮಂಜಳ್ ಕರಿಸಲಾಂಗಣ್ಣಿ. ಪಾರ್ಕಿನಲ್ಲಿ ನೆಲಮುಚ್ಚಲು ನೆಡೋದು ಮಾತ್ರ ಅದರ ಅಮೆರಿಕದ ಸೋದರಿ, ಸ್ಫ್ಯಾಗ್ನೆಟಿಕೋಲ ಟ್ರೈಲೋಬಾಟ. ನರ್ಸರಿಯಲ್ಲಿ ವೆಡೇಲಿಯಾ ಅಂತ ಕೇಳಿದರೆ ಕೊಡೋದು ಇದನ್ನೇ. ಜಗತ್ತಿನ ನೂರು ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ, ಆದರೂ ಮಾರಾಟ ನಿಂತಿಲ್ಲ!

ಇವೆರಡಕ್ಕೂ ಹಳದಿ ಹೂ, ಎರಡೂ ಗಿಣ್ಣುಗಿಣ್ಣಿಗೆ ಬೇರು ಬಿಡುತ್ತವೆ. ಹಾಗಾಗಿ ಎಲೆ ನೋಡಿ. ಪಾರ್ಕಿನದು ದಪ್ಪ, ಹೊಳಪು, ಅಗಲ, ಎರಡೂ ಬದಿಗೆ ಒಂದೊಂದು ಹಾಲೆ, ಅಂದರೆ ಅಂಚಿನಿಂದ ಹೊರಚಾಚಿದ ಭಾಗ. ಔಷಧಿಯದು, ಅಂದರೆ ಕ್ಯಾಲೆಂಡುಲೇಸಿಯ, ಕಿರಿದು, ಒರಟು, ಉದ್ದ ಅಗಲದ ನಾಲ್ಕೈದು ಪಟ್ಟು, ಹಾಲೆಯೇ ಇಲ್ಲ.

ಜಯನಗರ_ತಾರಸಿ:
ಪಾರ್ಕಿನ ಬಳ್ಳಿಯಲ್ಲಿ ಹಾಲೆ ಇಲ್ಲದ ಎಲೆಗಳೂ ಇವೆಯಲ್ಲ ಸರ್?

ಎಲೆಗಳ_ಲೆಕ್ಕ:
ಇರುತ್ತವೆ, ಒಂದೇ ಎಲೆ ಕಿತ್ತು ತೀರ್ಮಾನ ಮಾಡಬೇಡಿ. ಒಂದೇ ಕುಡಿಯಲ್ಲಿ ಏಳೆಂಟು ಜೋಡಿ ನೋಡಿ. ಒಂದರಲ್ಲಾದರೂ ಸ್ಪಷ್ಟ ಹಾಲೆ ಕಂಡರೆ ಅದು ಟ್ರೈಲೋಬಾಟ. ಫೋಟೋ ಹಾಕುವಾಗ ಹೂವಿನ ಕ್ಲೋಸಪ್ ಒಂದೇ ಸಾಲದು. ಎಲೆಯ ಎರಡೂ ಮುಖ, ತೊಟ್ಟು, ಹೂವಿನ ಹಿಂಬದಿಯ ಹಸಿರು ಪತ್ರಕಗಳು, ಪಕ್ಕದಲ್ಲೊಂದು ಸ್ಕೇಲ್ ಇರಲಿ. ಐಐಎಸ್‌ಸಿ ಹರ್ಬೇರಿಯಂನವರ (ಒಣಗಿಸಿಟ್ಟ ಗಿಡಗಳ ಸಂಗ್ರಹ) ಕರ್ನಾಟಕ ಡಿಜಿಟಲ್ ಫ್ಲೋರಾ ಜಾಲತಾಣದಲ್ಲಿ ಹೋಲಿಸಿ ನೋಡಬಹುದು.

ಹಿತ್ತಲ_ಸೊಪ್ಪು:
ಮೋರಿಯದು ಗರುಗವೇ ಆಗಿದ್ದರೂ ಎಣ್ಣೆಗೆ ಬೇಡ. ಬೆಳ್ಳಂದೂರು, ವರ್ತೂರಿನಂಥ ಕೊಳಚೆ ಸೇರುವ ಕೆರೆ ದಂಡೆಯದೂ ಬೇಡ. ಆ ನೀರಿನ ಲೋಹದ ಅಂಶ ಗಿಡಕ್ಕೆ ಸೇರುತ್ತದೆ, ತೊಳೆದರೆ ಹೋಗಲ್ಲ. ಬಲಿತು ಕಂದಾದ ಗುಂಡಿಗಳನ್ನು ತಂದು ಕುಂಡದ ಮಣ್ಣಿನ ಮೇಲೆ ಉದುರಿಸಿ, ಅಂಗೈಯಲ್ಲಿ ಒತ್ತಿ. ಮಣ್ಣು ಮುಚ್ಚಿದರೆ ಹುಟ್ಟೋದು ಕಷ್ಟ, ಈ ಬೀಜಕ್ಕೆ ಬೆಳಕು ಬೇಕು. ಕುಂಡದ ಕೆಳಗೆ ತಟ್ಟೆ ಇಟ್ಟು ತೇವ ಆರದಂತೆ ನೋಡಿಕೊಳ್ಳಿ. ತಟ್ಟೆಯ ನೀರನ್ನು ಎರಡು ಮೂರು ದಿನಕ್ಕೊಮ್ಮೆ ಚೆಲ್ಲಿ ಹೊಸದು ಹಾಕಿ, ಇಲ್ಲದಿದ್ದರೆ ಸೊಳ್ಳೆಯಾಗುತ್ತದೆ.