ಉತ್ತರ ಊಹಿಸಿ ಲೆಕ್ಕ ಬಿಡಿಸೋದು ತಪ್ಪಾ?

ಹರಿಹರದ_ಅಮ್ಮ:
ಮಗಳು ಏಳನೇ ಕ್ಲಾಸು. "ಒಂದು ಸಂಖ್ಯೆಗೆ ಅದರ ಕಾಲು ಭಾಗ ಕೂಡಿಸಿದರೆ 45. ಆ ಸಂಖ್ಯೆ ಯಾವುದು?" ಅನ್ನೋ ಲೆಕ್ಕಕ್ಕೆ ಎಕ್ಸ್ ಇಟ್ಟುಕೊಳ್ಳದೆ "4 ಇರಲಿ" ಅಂತ ಶುರು ಮಾಡಿದಳು. 4ಕ್ಕೆ ಕಾಲು ಭಾಗ 1, ಒಟ್ಟು 5. ಬೇಕಾಗಿದ್ದು ಅದರ ಒಂಬತ್ತು ಪಟ್ಟು, ಹಾಗಾಗಿ 36. ಟ್ಯೂಷನ್‌ನಲ್ಲಿ "ಬರೀ ಊಹೆ" ಅಂತ ಅಡ್ಡಗೆರೆ ಎಳೆದಿದ್ದಾರೆ. ಈ ಅಭ್ಯಾಸ ಬಿಡಿಸಬೇಕಾ?

ಕಿರಣ್_ಕೆ:
ಬಿಡಿಸೋದೇ ಒಳ್ಳೇದು ಮೇಡಂ. ಪರೀಕ್ಷೆಯಲ್ಲಿ ಹಂತಗಳಿಗೆ ಅಂಕ ಇರುತ್ತೆ.

ಮಾಸ್ತರ್_ಧಾರವಾಡ:
ಬಿಡಿಸಬ್ಯಾಡ್ರಿ ತಂಗೀ! ನಿಮ್ಮ ಮಗಳು ಮಾಡಿದ್ದನ್ನ ಭಾಸ್ಕರಾಚಾರ್ಯರು ಇಷ್ಟಕರ್ಮ ಅಂತ 1150ರ ತಮ್ಮ ಲೀಲಾವತಿ ಅನ್ನೋ ಗಣಿತದ ಪುಸ್ತಕದೊಳಗ ಕಲಿಸ್ಯಾರ. ಅಲ್ಲಿಯ ಲೆಕ್ಕ ಕೇಳ್ರಿ. ಒಂದು ಸಂಖ್ಯೆನ 5ರಿಂದ ಗುಣಿಸಿ, ಬಂದದ್ದರಾಗ ಮೂರನೇ ಒಂದು ಪಾಲು ಕಳದು, ಉಳಿದದ್ದನ್ನ 10ರಿಂದ ಭಾಗಿಸ್ರಿ. ಅದಕ್ಕ ಮೊದಲಿನ ಸಂಖ್ಯೆಯ ಮೂರನೇ ಒಂದು ಪಾಲು, ಅರ್ಧ, ಕಾಲು ಕೂಡಿಸಿದರ 68. ಸಂಖ್ಯೆ ಯಾವುದು?

ಆಚಾರ್ಯರು 3 ಅಂತ ಹಿಡೀತಾರ. ಗುಣಿಸಿದರ 15, 5 ಕಳದರ 10, ಭಾಗಿಸಿದರ 1. ಅದಕ್ಕ 1, ಅರ್ಧದ್ದು ಒಂದೂವರೆ, ಕಾಲಿನದು ಮುಕ್ಕಾಲು ಸೇರಿ ನಾಲ್ಕೂಕಾಲು. 68ರಾಗ ನಾಲ್ಕೂಕಾಲು 16 ಸಲ ಹೋಗತದ. 3ನ್ನ 16ರಿಂದ ಗುಣಿಸಿದರ 48. ಮುಗೀತು!

ತಪ್ಪು ಊಹೆ ತಾನು ಎಷ್ಟು ತಪ್ಪು ಅಂತ ತಾನೇ ಹೇಳತದ, ಅದೇ ಇದರ ಜೀವಾಳ. ಕಾಲು ಭಾಗ ಅಂದಕೂಡಲೇ ಹುಡುಗಿ 4 ಹಿಡಿದಾಳಲ್ಲ, ಅದನ್ನ ನೋಡಿ ನನಗ ಭಾಳ ಖುಷಿ ಆತು. 7 ಹಿಡಿದಿದ್ರೂ 36ನೇ ಬರತಿತ್ತು, ಆದರ ಭಿನ್ನರಾಶಿ ತಲಿ ತಿಂತಿತ್ತು.

ಹರಿಹರದ_ಅಮ್ಮ:
ತುಂಬಾ ಧನ್ಯವಾದ ಸರ್. ಆದರೆ "ಕಾಲು ಭಾಗ ಕೂಡಿಸಿ, ಮೇಲೆ 7 ಕೂಡಿಸಿದರೆ 52" ಅನ್ನೋದಕ್ಕೆ ಹೀಗೇ ಮಾಡಿ ಸಿಕ್ಕಿಹಾಕಿಕೊಂಡಳು.

ಮಾಸ್ತರ್_ಧಾರವಾಡ:
ಅಲ್ಲಿ ಪಟ್ಟಿನ ಲೆಕ್ಕ ನಡೆಯಂಗಿಲ್ರಿ. ಸಂಖ್ಯೆ ದುಪ್ಪಟ್ಟಾದರೂ 7 ಕೂತಲ್ಲೇ ಕೂತಿರತದ. ಎರಡು ಊಹೆ ಮಾಡಲಿ. 4 ಹಿಡಿದರ 12, 8 ಹಿಡಿದರ 17. ಅಂದ್ರ ಸಂಖ್ಯೆ 4 ಏರಿದರ ಮೊತ್ತ 5 ಏರತದ. 12ರಿಂದ 52ಕ್ಕ ಇನ್ನೂ 40 ಬೇಕು, ಅಂದ್ರ ಎಂಟು ಸಲ 5. ಹಂಗಾರ 4ಕ್ಕ ಎಂಟು ಸಲ 4 ಕೂಡಿಸಲಿ, 36 ಬರತದ. ಲೆಕ್ಕದಾಗ ವರ್ಗ ಬಂತಂದ್ರ ಇದೂ ಸಾಲಂಗಿಲ್ಲ, ಅದಕ್ಕ ಎಕ್ಸೂ ಕಲೀಲಿ. ಊಹೆ ಮಾಡಿದಾಗ ಮಾತ್ರ "ಸಂಖ್ಯೆ 4 ಎಂದಿರಲಿ" ಅಂತ ಮೊದಲ ಸಾಲು ಬರೀಲಿ, ಕಡೀಕ ತಾಳೆ ನೋಡಿದ್ದನ್ನೂ ಬರೀಲಿ. ಕಿರಣ್ ಅವರು ಹೇಳೋ ಹಂತ ಅಂದ್ರ ಇವೇ ಅಲ್ಲೇನ್ರಿ?