ಬ್ಯಾಕಪ್‌ಗೆ ‘ಎತ್ತಿಡು’ ಅನ್ನಬಹುದೇ? ಕನ್ನಡಿ, ಹಗೇವು, ಮಡಗು

ಎಲ್ಲರಿಗೂ ನಮಸ್ಕಾರ.

ಮೈಸೂರಿನ ನಮ್ಮ ಮನೆಯಲ್ಲಿ ಹಳೆಯ ಕಂಪ್ಯೂಟರೊಂದಕ್ಕೆ 4 ಟೆರಾಬೈಟಿನ ಎರಡು ಹಾರ್ಡ್ ಡಿಸ್ಕ್ ಹಾಕಿ ಸರ್ವರ್ ಮಾಡಿಕೊಂಡಿದ್ದೇವೆ. ಅಪ್ಪ ಕ್ಯಾಸೆಟ್ಟಿಗೆ ತುಂಬಿಸಿಕೊಂಡಿದ್ದ ಹಾಡುಗಳು, ಮದುವೆ ವಿಡಿಯೊಗಳು, ಎಲ್ಲರ ಫೋನಿನ ಫೋಟೊಗಳು ಅದರಲ್ಲಿವೆ. ಜೆಲ್ಲಿಫಿನ್ ಎಂಬ ಉಚಿತ ತಂತ್ರಾಂಶ ಇರುವುದರಿಂದ ಟಿವಿಯಲ್ಲೂ ಫೋನಿನಲ್ಲೂ ನೋಡಬಹುದು. ನಾನು ಊರಲ್ಲಿ ಇಲ್ಲದಾಗ ಮನೆಯವರೇ ನಡೆಸಿಕೊಳ್ಳಲಿ ಎಂದು ಕನ್ನಡದಲ್ಲಿ ಎರಡು ಪುಟದ ಸೂಚನೆ ಬರೆಯುತ್ತಿದ್ದೇನೆ. ಬರೆಯುತ್ತಾ ‘ಬ್ಯಾಕಪ್’, ಅಂದರೆ ಮೂಲ ಹಾಳಾದರೆ ಬೇಕಾಗುತ್ತದೆ ಎಂದು ಬೇರೆ ಇಡುವ ಪ್ರತಿ, ಇದಕ್ಕೆ ಕನ್ನಡದ ಮಾತು ಸಿಗದೆ ನಿಂತುಬಿಟ್ಟಿದ್ದೇನೆ.

‘ಸರ್ವರ್’ ಎಂಬ ಪದವನ್ನು ಕನ್ನಡಕ್ಕೆ ತರಲು ಹೋಗಲಿಲ್ಲ. ರೇಷನ್ ಅಂಗಡಿಯಲ್ಲಿ ‘ಸರ್ವರ್ ಇಲ್ಲ’ ಅನ್ನೋದು ಅಮ್ಮನಿಗೂ ಗೊತ್ತು. 1935ರಲ್ಲಿ ಇದೇ ಊರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಶುರುಮಾಡಿದ ರೇಡಿಯೊ ಕೇಂದ್ರಕ್ಕೆ ‘ಆಕಾಶವಾಣಿ’ ಎಂಬ ಎಷ್ಟು ಚೆಂದದ ಹೆಸರು ಸಿಕ್ಕಿತು! ಎಲ್ಲದಕ್ಕೂ ಹಾಗೆ ಸಿಗುವುದಿಲ್ಲ. ಪುಟದ ತಲೆಗೆ ಮಾತ್ರ ‘ಮನೆಯ ಉಗ್ರಾಣ’ ಎಂದು ಬರೆದಿದ್ದೇನೆ. ಮದುವೆಮನೆಯ ಉಗ್ರಾಣದ ಹಾಗೆ, ಕೇಳಿದವರಿಗೆ ಕೇಳಿದ್ದನ್ನು ಕೊಡುತ್ತದೆ ಅಲ್ವಾ.

ತೊಂದರೆ ಆದದ್ದು ‘ಕಾಪಿ’ ಎಂಬ ಮಾತಿನಿಂದ. ಎರಡು ಡಿಸ್ಕನ್ನು ರೇಡ್ 1 ಎಂಬ ಕ್ರಮದಲ್ಲಿ ಜೋಡಿಸಿದ್ದೆ. ಒಂದರಲ್ಲಿ ಬರೆದದ್ದು ಆ ಕ್ಷಣವೇ ಇನ್ನೊಂದರಲ್ಲೂ ಬರೆದಿರುತ್ತದೆ. ಒಂದು ಡಿಸ್ಕ್ ಕೆಟ್ಟರೂ ಇನ್ನೊಂದು ನಡೆಯುತ್ತದೆ. ಮನೆಯವರಿಗೆ ನಾನು ‘ಎಲ್ಲದರದ್ದೂ ಎರಡು ಕಾಪಿ ಇದೆ’ ಎಂದಿದ್ದೆ. ಅಕ್ಕ ಅದನ್ನು ನಂಬಿ, ಜಾಗ ಆಗಲಿ ಎಂದು ಮಗನ ನಾಮಕರಣದ ಫೋಟೊಗಳಿದ್ದ ಫೋಲ್ಡರ್ ಅಳಿಸಿದಳು. ಇನ್ನೊಂದರಲ್ಲಿ ಇದ್ದೇ ಇರುತ್ತದೆ ಎಂದುಕೊಂಡಿದ್ದಳು. ಎರಡರಲ್ಲೂ ಹೋಯಿತು. ಭಾವನ ಹಳೆಯ ಫೋನಿನಲ್ಲಿ ಅರ್ಧದಷ್ಟು ಸಿಕ್ಕವು, ಉಳಿದವು ಸಿಗಲಿಲ್ಲ. ತಪ್ಪು ಅಕ್ಕನದಲ್ಲ. ಎರಡು ಬೇರೆ ಸಂಗತಿಗೆ ನಾನು ಒಂದೇ ಮಾತು ಬಳಸಿದ್ದೆ.

ಇಂಥ ಜೋಡಣೆಗೆ ಇಂಗ್ಲಿಷಿನಲ್ಲಿ ಮಿರರ್, ಅಂದರೆ ಕನ್ನಡಿ, ಅನ್ನುತ್ತಾರೆ. ‘ಪಡಿಯಚ್ಚು’ ಅನ್ನೋಣ ಎಂದು ಮೊದಲು ಅನಿಸಿತು. ಆದರೆ ಪಡಿಯಚ್ಚು ಒಮ್ಮೆ ಒತ್ತಿದರೆ ಹಾಗೇ ಉಳಿಯುತ್ತದೆ, ಮೂಲ ಹೋದರೂ ಇರುತ್ತದೆ. ಇಲ್ಲಿ ಹಾಗಲ್ಲ. ಎದುರಿನಿಂದ ಮುಖ ಸರಿದರೆ ಒಳಗಿನ ಮುಖವೂ ಇಲ್ಲ. ಹಾಗಾಗಿ ‘ಕನ್ನಡಿ ಡಿಸ್ಕ್’ ಎಂದೇ ಬರೆದೆ. ನಮ್ಮಲ್ಲಿ ‘ಕನ್ನಡಿಯೊಳಗಿನ ಗಂಟು’ ಎಂಬ ಮಾತು ಮೊದಲೇ ಇದೆ. ಅಕ್ಕನಿಗೆ ಇದನ್ನು ಹೇಳಿದಾಗ ಬೇರೆ ವಿವರಣೆಯೇ ಬೇಕಾಗಲಿಲ್ಲ.

ಈಗ ನಿಜವಾದ ಬ್ಯಾಕಪ್. ಮೂರನೆಯದೊಂದು ಡಿಸ್ಕಿಗೆ ತಿಂಗಳಿಗೊಮ್ಮೆ ಎಲ್ಲವನ್ನೂ ತುಂಬಿ, ಬಿಚ್ಚಿ, ಮಂಡ್ಯದ ಹತ್ತಿರ ಹಳ್ಳಿಯಲ್ಲಿರುವ ದೊಡ್ಡಮ್ಮನ ಮನೆಯಲ್ಲಿ ಇಡುತ್ತೇವೆ. ಇಲ್ಲಿ ಕಳ್ಳತನವಾದರೂ, ಸಿಡಿಲು ಬಡಿದರೂ ಅಲ್ಲಿರುವುದು ಉಳಿಯಲಿ ಎಂದು. ದೊಡ್ಡಮ್ಮನಿಗೆ ಇದನ್ನು ವಿವರಿಸಿದಾಗ ಅವರು ಹೇಳಿದ್ದು: “ಉಣ್ಣಕ್ಕೆ ಮಡಗಿದ್ದೇ ಬೇರೆ, ಬಿತ್ತನೆಗೆ ಮಡಗಿದ್ದೇ ಬೇರೆ ಕಣಪ್ಪಾ. ಬಿತ್ತನೆ ಕಾಳು ಮುಟ್ಟಬಾರದು.” ನಾನು ಎರಡು ಪುಟದಲ್ಲಿ ಹೇಳಲಾಗದ್ದನ್ನು ಅವರು ಒಂದೇ ಉಸಿರಿಗೆ ಹೇಳಿದ್ದರು.

ಅಂದಿನಿಂದ ಕಾಳಿಡುವ ಪದಗಳೇ ತಲೆಯಲ್ಲಿವೆ. ಕಣಜ ದಿನಾ ತೆಗೆದು ಬಳಸುವುದು. ಹಗೇವು ಬೇರೆ: ನೆಲದಲ್ಲಿ ತೋಡಿದ ಗುಂಡಿ, ಕಿರಿದಾದ ಬಾಯಿ, ಮೇಲೆ ಚಪ್ಪಡಿ ಇಟ್ಟು ಮಣ್ಣು ಮೆತ್ತುತ್ತಿದ್ದರು. ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ತೆರೆದಾಗ ದೀಪ ಇಳಿಸಿ, ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಮುಚ್ಚಿಟ್ಟು, ಕಷ್ಟಕಾಲಕ್ಕೆ ಮಾತ್ರ ತೆರೆಯುವ ಡಿಸ್ಕಿಗೆ ಇದು ತುಂಬಾ ಒಪ್ಪುತ್ತದೆ. ಆದರೆ ಹಗೇವಿನಲ್ಲಿ ಇದ್ದದ್ದು ಮೂಲ ರಾಗಿಯೇ, ಅದರ ಪ್ರತಿಯಲ್ಲ. ಜತೆಗೆ ಈಗಿನ ಮಕ್ಕಳಿಗೆ ‘ಹಗೆ’ ಎಂದರೆ ಶತ್ರುತ್ವವೇ ಮೊದಲು ಹೊಳೆಯುತ್ತದೆ.

ನಾಮಪದ ಬಿಟ್ಟು ಕ್ರಿಯಾಪದದಿಂದ ಹೊರಟರೆ ಸುಲಭ ಅನಿಸುತ್ತಿದೆ. ‘ಬ್ಯಾಕಪ್ ಮಾಡು’ ಅನ್ನುವಲ್ಲಿ ‘ಎತ್ತಿಡು’, ಆ ಪ್ರತಿಗೆ ‘ಎತ್ತಿಟ್ಟ ಪ್ರತಿ’. ನಮ್ಮ ಕಡೆಯವರಾದರೆ ‘ಎತ್ತಿ ಮಡಗು’ ಎನ್ನುತ್ತಾರೆ. ಕೈಗೆ ಸಿಗದ ಹಾಗೆ, ಜೋಪಾನವಾಗಿ, ಮುಂದಕ್ಕೆ ಬೇಕು ಎಂದು ಇಡುವ ಭಾವ ಅದರಲ್ಲಿ ಇದೆ. ‘ನಕಲು’ ಪದದಲ್ಲಿ ಅದು ಇಲ್ಲ.

ತಿಳಿದವರಲ್ಲಿ ನನ್ನ ಪ್ರಶ್ನೆಗಳು ಇವು. ಬರಹದ ಕನ್ನಡದಲ್ಲಿ ‘ಮಡಗು’ ಬಳಸಿದರೆ ಧಾರವಾಡ, ಮಂಗಳೂರಿನ ಕಡೆಯವರಿಗೆ ಅರ್ಥವಾಗುತ್ತದೆಯೇ? ಬಿತ್ತನೆಗೆಂದು ಬೇರೆ ಇಟ್ಟ ಕಾಳಿಗೆ ನಿಮ್ಮ ಊರಿನಲ್ಲಿ ಒಂದೇ ಪದವಿದೆಯೇ? ಮತ್ತೆ, ಎತ್ತಿಟ್ಟದ್ದನ್ನು ತಿರುಗಿ ತರುವುದಕ್ಕೆ ಏನನ್ನೋಣ? ‘ಇಳಿಸಿಕೊ’ ಚೆನ್ನಾಗಿತ್ತು, ಅದು ಆಗಲೇ ಡೌನ್‌ಲೋಡ್‌ಗೆ ಹೋಗಿಬಿಟ್ಟಿದೆ.