ಮಂಡಕ್ಕಿ ಘಟಕ ಮುಚ್ಚಿತು, ಸಾಲವೂ ತೀರಿತು, ಆದರೂ ನನಗೆ ಯಾಕೆ ಎಲ್ಲ ಬಾಗಿಲೂ ಬಂದ್?

ರೊಟ್ಟಿಮನೆ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಓದಿ.

2018ರಲ್ಲಿ ನಾನು, ನಮ್ಮ ಯಜಮಾನರು ಸೇರಿ ಮಂಡಕ್ಕಿ ಪ್ಯಾಕೆಟ್ ಮಾಡುವ ಸಣ್ಣ ಘಟಕ ಶುರು ಮಾಡಿದೆವು. ಭಟ್ಟಿಯಿಂದ ಮಂಡಕ್ಕಿ ತರೋದು, ಒಗ್ಗರಣೆ ಹಾಕೋದು, ಹರಿಹರ, ರಾಣೆಬೆನ್ನೂರು, ಚಿತ್ರದುರ್ಗದ ಅಂಗಡಿಗಳಿಗೆ ಹಾಕೋದು. ಮೆಷಿನ್ನಿಗೆ, ಗಾಡಿಗೆ ಅಂತ 14 ಲಕ್ಷ ಸಾಲ. ಅಡಮಾನಕ್ಕೆ ಅತ್ತೆಯ ಮನೆ. ಲಾಕ್‌ಡೌನ್ ಬಂತು, ಗೋಡೌನಿನಲ್ಲಿದ್ದ 60 ಚೀಲ ಮಂಡಕ್ಕಿ ಮೆತ್ತಗಾಗಿ ಕೊನೆಗೆ ದನಕ್ಕೆ ಹೋಯಿತು. ಆರು ತಿಂಗಳು ಕಂತು ಮುಂದೆ ಹಾಕಿದರು, ಬಡ್ಡಿ ನಿಲ್ಲಲಿಲ್ಲ.

ಆಮೇಲೆ ಬ್ಯಾಂಕಿನವರು ಬಾಗಿಲಿಗೆ ನೋಟಿಸ್ ಅಂಟಿಸಿ ಫೋಟೋ ತೆಗೆದುಕೊಂಡು ಹೋದರು. ಕಿತ್ತರೆ ಕೇಸ್ ಆಗುತ್ತದೆ ಅಂತ ಅತ್ತೆಗೆ ಭಯ. ದೀಪಾವಳಿಗೆ ಬಾಗಿಲು ತೊಳೆಯುವಾಗ ಆ ಕಾಗದ ಬಿಟ್ಟು ಸುತ್ತ ಮಾತ್ರ ಒರೆಸಿದರು. ಅದನ್ನು ನಾನು ಮರೆಯೋದಿಲ್ಲ.

ಒಡವೆ ಹೋಯಿತು, ಊರಿನ ಎರಡು ಎಕರೆ ಮೆಕ್ಕೆಜೋಳದ ಹೊಲವೂ ಹೋಯಿತು. 2022ರಲ್ಲಿ ಒಟಿಎಸ್ (ಬಾಕಿಯಲ್ಲಿ ಸ್ವಲ್ಪ ಬಿಟ್ಟು, ಉಳಿದದ್ದು ಕಟ್ಟಿಸಿಕೊಂಡು ಲೆಕ್ಕ ಮುಗಿಸುವ ರಾಜಿ) ಮಾಡಿ ಮುಗಿಸಿದೆವು. ಈಗ ರೊಟ್ಟಿ ಮಾಡಿ ಮಾರೋಣ ಅಂತ 3 ಲಕ್ಷ ಮುದ್ರಾ ಸಾಲ ಕೇಳಿದರೆ, ಮ್ಯಾನೇಜರ್ ಕಂಪ್ಯೂಟರ್ ನನ್ನ ಕಡೆ ತಿರುಗಿಸಿದರು. ಸಾಲದ ಇತಿಹಾಸ ತೋರಿಸುವ ಸಿಬಿಲ್ ವರದಿಯಲ್ಲಿ ‘ಸೆಟಲ್ಡ್’ (ಪೂರ್ತಿ ಕಟ್ಟದೆ ರಾಜಿಯಲ್ಲಿ ಮುಗಿದದ್ದು) ಅಂತ ಇತ್ತು. "ಆಗಲ್ಲಮ್ಮ" ಅಂದರು, ಅಷ್ಟೇ.

ಮನೆಗೆ ಬಂದರೆ ಮಗ ವೀವರ್ಕ್ ಅನ್ನೋ, ಆಫೀಸ್ ಜಾಗ ಬಾಡಿಗೆಗೆ ಕೊಡುವ ಅಮೆರಿಕದ ಕಂಪನಿಯ ಕಥೆ ಹೇಳಿದ. 2019ರ ಶುರುವಿಗೆ 47 ಬಿಲಿಯನ್ ಡಾಲರ್ ಬೆಲೆ ಕಟ್ಟಿದ್ದ ಕಂಪನಿ, ಷೇರು ಮಾರಲು ಹೊರಟಾಗ ಒಳಗಿನ ಲೆಕ್ಕ ನೋಡಿ ಜನ ಬೆಚ್ಚಿಬಿದ್ದರು, ಸ್ಥಾಪಕ ಆಡಂ ನ್ಯೂಮನ್ ಕುರ್ಚಿ ಬಿಡಬೇಕಾಯಿತು. 2022ರಲ್ಲಿ ಅದೇ ಮನುಷ್ಯನ ಹೊಸ ಕಂಪನಿಗೆ 350 ಮಿಲಿಯನ್ ಡಾಲರ್ ಕೊಟ್ಟಿದ್ದಾರಂತೆ! ಅವರಿಗೆ ಎರಡನೇ ಸಲ ಕೊಡುವವರಿದ್ದಾರೆ. ನನಗೆ 3 ಲಕ್ಷಕ್ಕೂ ಯಾರೂ ಇಲ್ಲ. ಯಾಕೆ ಹೀಗೆ? ನಾನು ಮಾಡಬಹುದಾದ್ದು ಏನಾದರೂ ಇದೆಯಾ?

ನಿವೃತ್ತ ಬ್ಯಾಂಕ್ ನೌಕರ

ತಂಗಿ, ಸಾಲ ವಿಭಾಗದಲ್ಲೇ 30 ವರ್ಷ ಕೂತವನು ನಾನು. ನಿಮ್ಮ ಅತ್ತೆಯ ವಿಷಯ ಓದಿ ಸಂಕಟ ಆಯಿತು. ಅಂಥ ನೋಟಿಸ್ ಅಂಟಿಸಲು ನಾನೂ ಹೋಗಿದ್ದೇನೆ.

ನ್ಯೂಮನ್‌ಗೆ ಸಿಕ್ಕಿದ್ದು ಸಾಲ ಅಲ್ಲ, ಬಂಡವಾಳ. ಕಂಪನಿ ಮುಳುಗಿದರೆ ಹಾಕಿದವರ ದುಡ್ಡು ಮುಳುಗುತ್ತದೆ, ಸ್ಥಾಪಕನ ಮನೆ ಮುಟ್ಟುವ ಹಾಗಿಲ್ಲ. ನಿಮ್ಮದು ಹಾಗಲ್ಲ. ಮನೆ ಅಡಮಾನ, ಗಂಡನ ಸಹಿ, ನಿಮ್ಮ ಸಹಿ, ಮೇಲೆ ಜಾಮೀನು. ವ್ಯಾಪಾರ ಮುಚ್ಚಿದರೂ ಸಾಲ ನಿಮ್ಮ ಹೆಸರಿಗೇ ಅಂಟಿಕೊಂಡಿರುತ್ತದೆ. ಬ್ಯಾಂಕುಗಳು ಬಾಕಿ ವಸೂಲಿಗೆ ಬಳಸುವ ಸರ್ಫೇಸಿ ಕಾಯ್ದೆ 2002ರದ್ದು. ಅದರಡಿ ಬ್ಯಾಂಕ್ 60 ದಿನದ ನೋಟಿಸ್ ಕೊಟ್ಟು, ಕೋರ್ಟಿಗೆ ಹೋಗದೆಯೇ ಅಡಮಾನದ ಮನೆಗೆ ಕೈ ಹಾಕಬಹುದು.

ಇನ್ನೊಂದು ಹೇಳಲೇಬೇಕು. ಕೈಯಲ್ಲಿ ದುಡ್ಡಿದ್ದೂ ಬೇಕಂತಲೇ ಕಟ್ಟದವರ ಜೊತೆಗೂ ಬ್ಯಾಂಕ್ ರಾಜಿ ಮಾಡಿಕೊಳ್ಳಬಹುದು ಅಂತ ರಿಸರ್ವ್ ಬ್ಯಾಂಕ್ 2023ರ ಜೂನ್‌ನಲ್ಲಿ ಸುತ್ತೋಲೆ ಹೊರಡಿಸಿತು. ಕ್ರಿಮಿನಲ್ ಕೇಸು ಇದ್ದರೆ ಅದು ಹಾಗೇ ನಡೆಯುತ್ತದೆ ಅನ್ನೋದೂ ಅದರಲ್ಲಿದೆ. ಆದರೂ ಬ್ಯಾಂಕ್ ನೌಕರರ ಸಂಘಗಳು ವಿರೋಧಿಸಿದವು. ಪ್ರಾಮಾಣಿಕವಾಗಿ ಸೋತವರನ್ನೂ ಅಂಥವರನ್ನೂ ಒಂದೇ ಸಾಲಿನಲ್ಲಿ ಕೂರಿಸಿದ ಹಾಗೆ ಆಯಿತಲ್ಲ ಅನ್ನೋ ಬೇಸರ ನನಗೂ ಇದೆ.

ನಿಮ್ಮ ಕೆಲಸಕ್ಕೆ ಬರೋಣ. ಒಟಿಎಸ್‌ನಲ್ಲಿ ಬ್ಯಾಂಕ್ ಎಷ್ಟು ಬಿಟ್ಟಿತು ಅಂತ ಬರಹದಲ್ಲಿ ಕೇಳಿ. ಆ ಮೊತ್ತ ಈಗ ಕಟ್ಟಿದರೆ ‘ಸೆಟಲ್ಡ್’ ತೆಗೆದು ‘ಕ್ಲೋಸ್ಡ್’ (ಪೂರ್ತಿ ಕಟ್ಟಿ ಮುಗಿದದ್ದು) ಮಾಡಿಕೊಡುತ್ತೀರಾ ಅನ್ನೋದನ್ನೂ ಬರಹದಲ್ಲೇ ಕೇಳಿ, ಒಪ್ಪಿದರೆ ಮಾತ್ರ ಕಟ್ಟಿ. ಬಾಕಿ ಏನೂ ಇಲ್ಲ ಅನ್ನೋ ನೋ ಡ್ಯೂ ಪತ್ರ ತಗೊಳ್ಳದೆ ಬಿಡಬೇಡಿ. 30 ದಿನ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಿ, ಖರ್ಚಿಲ್ಲ.

ಕೋಟೆ ಹುಡುಗ, ಚಿತ್ರದುರ್ಗ

ಅಕ್ಕಾ, ಮೊದಲು ಒಂದು ಮಾತು. ನ್ಯೂಮನ್ ಮೇಲೆ ಕ್ರಿಮಿನಲ್ ಕೇಸೇ ಆಗಿಲ್ಲ, ಹಾಗಾಗಿ ಅದನ್ನು ವಂಚನೆ ಅನ್ನೋಕಾಗಲ್ಲ. ಆದರೆ ನಿಮ್ಮ ಪ್ರಶ್ನೆ ಸರಿಯಾಗೇ ಇದೆ.

ಶಿಕ್ಷೆ ಆದವರನ್ನೂ ನೋಡಿ. ಥೆರನೋಸ್‌ನ ಎಲಿಜಬೆತ್ ಹೋಮ್ಸ್, ಕೆಲವೇ ಹನಿ ರಕ್ತದಲ್ಲಿ ಎಲ್ಲ ಪರೀಕ್ಷೆ ಮಾಡುತ್ತೇನೆ ಅಂದವಳು. 11 ವರ್ಷ 3 ತಿಂಗಳು ಶಿಕ್ಷೆ ಆಯಿತು. ಯಾವುದಕ್ಕೆ? ಹೂಡಿಕೆದಾರರಿಗೆ ಮೋಸ ಮಾಡಿದ್ದಕ್ಕೆ. ರೋಗಿಗಳಿಗೆ ಮೋಸ ಮಾಡಿದಳು ಅನ್ನೋ ಆರೋಪಗಳಲ್ಲಿ ಜ್ಯೂರಿ ಅವಳನ್ನು ಬಿಟ್ಟಿತು. ತಪ್ಪು ವರದಿ ಹಿಡಿದುಕೊಂಡು ಹೆದರಿ ಕೂತವರ ಲೆಕ್ಕ ಆ ಶಿಕ್ಷೆಯಲ್ಲಿ ಇಲ್ಲ. ಇನ್ನು ನಿಕೋಲಾದ ಸ್ಥಾಪಕ ಟ್ರೆವರ್ ಮಿಲ್ಟನ್. ಇಳಿಜಾರಿನಲ್ಲಿ ಉರುಳಿಬಿಟ್ಟ ಲಾರಿಯನ್ನು ತಾನೇ ಓಡುತ್ತಿದೆ ಅನ್ನೋ ಹಾಗೆ ವಿಡಿಯೋದಲ್ಲಿ ತೋರಿಸಿದ ಕಂಪನಿ ಅದು. ಸಣ್ಣ ಸಣ್ಣ ಜನ ಷೇರು ತಗೊಂಡು ಕಳೆದುಕೊಂಡರು. 4 ವರ್ಷ ಶಿಕ್ಷೆ ಆಯಿತು, 2025ರ ಮಾರ್ಚ್‌ನಲ್ಲಿ ಅಮೆರಿಕದ ಅಧ್ಯಕ್ಷರ ಕ್ಷಮಾದಾನ ಸಿಕ್ಕಿತು.

ನಮ್ಮಲ್ಲೂ ಇದೆ. 2025ರ ಏಪ್ರಿಲ್‌ನಲ್ಲಿ ಷೇರುಪೇಟೆ ನೋಡಿಕೊಳ್ಳುವ ಸೆಬಿ, ಜೆನ್ಸೋಲ್ ಕಂಪನಿ ಮೇಲೆ ಮಧ್ಯಂತರ ಆದೇಶ ಕೊಟ್ಟಿತಲ್ಲ, ಓದಿ. ಎರಡು ಸರ್ಕಾರಿ ಹಣಕಾಸು ಸಂಸ್ಥೆಗಳಿಂದ ಎಲೆಕ್ಟ್ರಿಕ್ ಕಾರಿಗೆ ಅಂತ ತಂದ ಸಾಲದಲ್ಲಿ 6,400 ಕಾರು ಬರಬೇಕಿತ್ತು, ಬಂದದ್ದು 4,704. ಉಳಿದದ್ದರಲ್ಲಿ ಒಂದು ಪಾಲು ಸುತ್ತಿ ಬಳಸಿ ಗುರುಗ್ರಾಮದ ಐಷಾರಾಮಿ ಫ್ಲ್ಯಾಟಿಗೆ ಹೋಗಿದೆ ಅಂತ ಆ ಆದೇಶದಲ್ಲಿದೆ. ನಿಮಗೆ ಸಾಲ ಕೊಟ್ಟ ಬ್ಯಾಂಕ್ ಮೆಷಿನ್ ಬಂತಾ ಅಂತ ನೋಡಲು ಎಷ್ಟು ಸಲ ಬಂದಿತ್ತು, ಹೇಳಿ?

ಗಾಣದ ಮನೆ

ನಾನು ಬೆಂಗಳೂರಿನಲ್ಲಿ ಎರಡು ವರ್ಷ ಫಂಡಿಂಗ್‌ಗೆ ಅಲೆದವಳು, ಚಳ್ಳಕೆರೆ ನಮ್ಮೂರು. ನನ್ನ ಶೇಂಗಾ ಎಣ್ಣೆ ಬಗ್ಗೆ ಹೇಳುವ ಮುಂಚೆ ದುಡ್ಡು ಹಾಕುವವರು "ಯಾವ ಕಾಲೇಜು, ಮೊದಲು ಎಲ್ಲಿ ಕೆಲಸ, ಯಾರು ಕಳಿಸಿದರು" ಅಂತ ಕೇಳುತ್ತಿದ್ದರು. ನನ್ನ ಹತ್ತಿರ ಇದ್ದದ್ದು ಐದು ವರ್ಷದ ಜಿಎಸ್‌ಟಿ ಲೆಕ್ಕ. ಅದನ್ನು ಯಾರೂ ಬಿಚ್ಚಿ ನೋಡಲಿಲ್ಲ. ಒಬ್ಬರು "ಮದುವೆ ಆದಮೇಲೂ ಮುಂದುವರಿಸ್ತೀರಾ" ಅಂದರು, ಎದ್ದು ಬಂದೆ. ಒಮ್ಮೆ ಮುಳುಗಿಸಿ ಬಂದವನಿಗೆ ಅಲ್ಲಿ ಅನುಭವಸ್ಥ ಅನ್ನೋ ಹೆಸರು ಸಿಗುತ್ತದೆ, ಸರಿಯಾದ ಕಾಲೇಜಿನವನಾಗಿದ್ದರೆ. ಕೊನೆಗೆ ನಮ್ಮ ಸ್ವಸಹಾಯ ಸಂಘದಿಂದ 2 ಲಕ್ಷ ತಗೊಂಡೆ. ಅಕ್ಕಾ, ಸಂಘದವರನ್ನು ಕೇಳಿ ನೋಡಿದ್ದೀರಾ?

ರೊಟ್ಟಿಮನೆ, ದಾವಣಗೆರೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ದುರ್ಗದ ತಮ್ಮಾ, ನಾಲ್ಕು ಸಲ ಬಂದಿದ್ದರು, ಮೆಷಿನ್ ಮೇಲಿನ ನಂಬರ್ ಕೂಡ ಬರೆದುಕೊಂಡಿದ್ದರು. ಸರ್, ಒಟಿಎಸ್ ಪತ್ರ ಹುಡುಕಿ ತೆಗೆದೆ. ಬಿಟ್ಟಿರೋದು 2 ಲಕ್ಷ 60 ಸಾವಿರ. ಒಂದೇ ಸಲ ಕಟ್ಟಲು ಆಗಲ್ಲ. ಕಂತಿನಲ್ಲಿ ಕಟ್ಟುತ್ತೇನೆ ಅಂದರೆ ಒಪ್ಪುತ್ತಾರಾ? ಸೋಮವಾರ ಬ್ಯಾಂಕಿಗೆ ಹೋಗುತ್ತೇನೆ, ಅರ್ಜಿ ಹೇಗೆ ಬರೆಯಬೇಕು ಅಂತ ಅಷ್ಟರಲ್ಲಿ ಹೇಳಿಕೊಡಿ. ಅತ್ತೆಯನ್ನೂ ಕರೆದುಕೊಂಡು ಹೋಗುತ್ತಿದ್ದೇನೆ, ಸಹಿ ಅವರದೂ ಇದೆ.